ಹದಿನೆಂಟು ರಾತ್ರಿಗಳ ಕಾವಲು

ನಾನು ಚಿಕ್ಕವನಿದ್ದಾಗ ನಮ್ಮೂರಿನ ಶಿವ ದೇವಸ್ಥಾನದಲ್ಲಿ ಶಿವರಾತ್ರಿಯ ಜಾಗರಣೆಗೆ ತಾಳಮದ್ದಳೆ ಇರುತ್ತಿತ್ತು. ಅರ್ಥಧಾರಿಗಳ ವಾದ ಬಿಸಿಯೇರುವ ತನಕ ನಾವು ಹುಡುಗರು ಕಣ್ಣರಳಿಸಿ ಕೂರುವುದು, ಗಂಟೆ ಎರಡು ಕಳೆಯುವಾಗ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಹೋಗುವುದು, ಇದು ಪ್ರತಿವರ್ಷದ ಸಂಗತಿ. ದೊಡ್ಡವರೂ ತೂಕಡಿಸುತ್ತಿದ್ದರು. ತೂಕಡಿಸದೆ ಇರುತ್ತಿದ್ದವರು ಒಬ್ಬರೇ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿನ ಕಡೆ ಮುಖ ಮಾಡಿ, ಬೈರಾಸದ ಒಂದು ತುದಿಯನ್ನು ಎಡಗೈಯ ಮಣಿಕಟ್ಟಿಗೆ ಸುತ್ತಿಕೊಂಡು ಬೆಳಗಿನವರೆಗೆ ಒಂದೇ ಭಂಗಿಯಲ್ಲಿ ಕೂತಿರುತ್ತಿದ್ದರು. ಊರಲ್ಲಿ ಅವರಿಗೆ 'ಪಟ್ಟಾಳದಜ್ಜ' ಎಂದು ಹೆಸರು. ಪಟ್ಟಾಳ ಎಂದರೆ ಸೈನ್ಯ. ಮಲಯಾಳದ ಈ ಶಬ್ದ ನಮ್ಮ ಗಡಿನಾಡಿನಲ್ಲಿ ಕನ್ನಡ ತುಳು ಮಾತಾಡುವವರ ಬಾಯಲ್ಲೂ ಓಡಾಡುತ್ತದೆ.

"ಅಜ್ಜಾ, ನಿಮಗೆ ನಿದ್ದೆ ಬರುವುದಿಲ್ಲವಾ?" ಎಂದು ಕೇಳಿದರೆ, "ಇದೆಂತ ಜಾಗರಣೆ ಮಾರಾಯ! ಚೆಂಡೆ ಉಂಟು, ದೀಪ ಉಂಟು, ನಡುವೆ ಚಹಾ ಉಂಟು" ಎಂದು ನಗುತ್ತಿದ್ದರು.

ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನಿನಲ್ಲಿದ್ದರು. ಆದರೆ ಊರಿನ ಯಾರೂ ಅವರನ್ನು ಯುದ್ಧ ಮಾಡಿದವರೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾಕೆಂದರೆ ಅವರ ಕೆಲಸ ಬಂದೂಕಿನದ್ದಲ್ಲ, ತಕ್ಕಡಿಯದ್ದು. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್ ಎಂಬ ದಳದ ಪಡಿತರ ವಿಭಾಗದಲ್ಲಿ ಅಕ್ಕಿ, ಗೋಧಿಹಿಟ್ಟು, ಬೇಳೆ, ಸಕ್ಕರೆ ತೂಗಿ ಕೊಡುವುದು ಅವರ ಉದ್ಯೋಗ. ಸ್ವತಃ ಅವರೇ "ನಾನು ತೂಕದವ" ಎನ್ನುತ್ತಿದ್ದರು. ಮಕ್ಕಳು ಮೊಮ್ಮಕ್ಕಳಿಗೆ ಅದೊಂದು ತಮಾಷೆಯ ಮಾತಾಗಿತ್ತು. ಆ ತಮಾಷೆ ಎಷ್ಟು ತಪ್ಪು ಎಂದು ನನಗೆ ತಿಳಿದದ್ದು ಬಹಳ ವರ್ಷ ಕಳೆದು, ಆ ಯುದ್ಧದ ಚರಿತ್ರೆಯನ್ನು ಓದಿದ ಮೇಲೆ. ಅಷ್ಟರಲ್ಲಿ ಅಜ್ಜ ಇರಲಿಲ್ಲ.

ತೂಕದವರು ಸೈನ್ಯಕ್ಕೆ ಹೋದದ್ದು ಹೇಗೆ ಎಂಬಲ್ಲಿಂದ ಹೇಳಬೇಕು. ಆಗ ನಮ್ಮ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1942ರ ಮಾರ್ಚ್ 8ರಂದು ರಂಗೂನ್ ಜಪಾನೀಯರ ಕೈಗೆ ಬಿತ್ತು. ರಂಗೂನ್ ಬಿದ್ದರೆ ನಮಗೇನು ಎಂದು ಈಗಿನವರು ಕೇಳಬಹುದು. ನಮ್ಮ ಪಶ್ಚಿಮ ಕರಾವಳಿ ಉಣ್ಣುತ್ತಿದ್ದ ಅಕ್ಕಿಯಲ್ಲಿ ದೊಡ್ಡ ಪಾಲು ಬರ್ಮಾದ್ದು. ಹಡಗು ನಿಂತಿತು, ಅಕ್ಕಿ ನಿಂತಿತು. ಗೇಣಿಗೆ ಗದ್ದೆ ಮಾಡಿಕೊಂಡಿದ್ದ ಮನೆಗಳಲ್ಲಿ ಮಳೆಗಾಲ ಕಳೆಯುವುದೇ ಕಷ್ಟವಾಯಿತು. ಸೈನ್ಯಕ್ಕೆ ಸೇರಿದರೆ ಒಂದು ಹೊಟ್ಟೆಯ ಭಾರ ಮನೆಯಲ್ಲಿ ಕಡಿಮೆ, ತಿಂಗಳಿಗೆ ಒಂದು ಮನಿಯಾರ್ಡರು ಹೆಚ್ಚು. ಅಜ್ಜ ಹೋದದ್ದು ಇಷ್ಟಕ್ಕೇ. "ದೇಶಕ್ಕಾಗಿ ಹೋದದ್ದಾ ಅಜ್ಜ?" ಎಂದು ಕೇಳಿದ್ದಕ್ಕೆ, "ಯಾವ ದೇಶಕ್ಕೆ? ಹಸಿವಿಗಾಗಿ ಹೋದದ್ದು" ಎಂದಿದ್ದರು.

ಹೋದವರನ್ನು ಸೈನ್ಯ ಎಲ್ಲಿ ಇಟ್ಟಿತು ಎಂಬುದರಲ್ಲೂ ಒಂದು ಚರಿತ್ರೆಯಿದೆ. ಒಂದು ಕಾಲದಲ್ಲಿ ಕಂಪೆನಿ ಸರಕಾರ ಭಾರತವನ್ನು ಗೆಲ್ಲುವುದಕ್ಕೆ ಮದ್ರಾಸಿನ ಸಿಪಾಯಿಗಳನ್ನೇ ನೆಚ್ಚಿಕೊಂಡಿತ್ತು. 1857ರ ನಂತರ ಗಾಳಿ ತಿರುಗಿತು. ಕೆಲವು ಜನಾಂಗಗಳು ಹುಟ್ಟಿನಿಂದಲೇ ಯೋಧರು, ಉಳಿದವರು ಅಲ್ಲ ಎಂಬ ಸಿದ್ಧಾಂತ ಬಲಗೊಂಡಿತು. ಮೊದಲು ಮದ್ರಾಸ್ ಸೈನ್ಯಕ್ಕೂ ಬಳಿಕ ಇಡೀ ಭಾರತದ ಸೈನ್ಯಕ್ಕೂ ದಂಡನಾಯಕನಾಗಿದ್ದ ರಾಬರ್ಟ್ಸ್ ಅದರ ದೊಡ್ಡ ಪ್ರತಿಪಾದಕ. ಪಂಜಾಬಿಗಳು, ಪಠಾಣರು, ಗೂರ್ಖಾಗಳು ಮೇಲಕ್ಕೇರಿದರು, ದಕ್ಷಿಣದವರು ಕೆಳಗಿಳಿದರು. 1920ರ ದಶಕ ಮುಗಿಯುವ ಮುನ್ನವೇ ಮದ್ರಾಸಿನ ಪದಾತಿದಳಗಳು ಇಲ್ಲವಾದವು. ಸೇತುವೆ ಕಟ್ಟುವ, ಸುರಂಗ ತೋಡುವ ಸ್ಯಾಪರ್ ದಳ ಮಾತ್ರ ಉಳಿಯಿತು. 1939ರಲ್ಲಿ ಸುಮಾರು ಎರಡು ಲಕ್ಷವಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ ಇಪ್ಪತ್ತೈದು ಲಕ್ಷವಾಗಬೇಕಾಗಿ ಬಂದಾಗ ಈ ಸಿದ್ಧಾಂತಕ್ಕೆ ಅಂಟಿಕೊಂಡರೆ ನಡೆಯುವಂತಿರಲಿಲ್ಲ. ಮದ್ರಾಸ್ ರೆಜಿಮೆಂಟನ್ನು 1941ರಲ್ಲಿ ಮತ್ತೆ ಕಟ್ಟಿದರು. ಆದರೂ ದಕ್ಷಿಣದಿಂದ ಹೋದವರಲ್ಲಿ ಬಹಳ ಮಂದಿ ಸೇರಿದ್ದು ಲಾರಿ, ಉಗ್ರಾಣ, ಆಸ್ಪತ್ರೆ, ಕಾರ್ಯಾಗಾರ, ಗುಮಾಸ್ತಿಕೆ ಇಂಥ ಕಡೆಗಳಿಗೆ. ಯುದ್ಧ ಮಾಡುವವರು ಮುಂದೆ, ಇವರು ಹಿಂದೆ ಎಂಬುದು ಏರ್ಪಾಡು.

ಅರಕಾನಿನಲ್ಲಿ ಹಿಂದು ಮುಂದು ಎಂಬುದೇ ಉಳಿಯಲಿಲ್ಲ.

ಅರಕಾನ್ ಎಂದರೆ ಬರ್ಮಾದ ಪಶ್ಚಿಮ ಕರಾವಳಿ, ಈಗಿನ ಮ್ಯಾನ್ಮಾರಿನ ರಖೈನ್ ಪ್ರಾಂತ. ಒಂದು ಕಡೆ ಕಡಲು, ಒಳಗಡೆ ಕಡಲಿಗೆ ಸಮಾನಾಂತರವಾಗಿ ಓಡುವ ಮಯೂ ಬೆಟ್ಟಸಾಲು, ಅದರಾಚೆ ನದಿ ಬಯಲು, ಗದ್ದೆಗಳು. "ನಮ್ಮ ಊರ ಹಾಗೆಯೇ, ಮಳೆಯೂ ಹಾಗೆಯೇ" ಎಂದು ಅಜ್ಜ ಹೇಳುತ್ತಿದ್ದರು. 1944ರ ಆರಂಭದಲ್ಲಿ ಬೆಟ್ಟದ ಪಶ್ಚಿಮಕ್ಕೆ 5ನೆಯ ಭಾರತೀಯ ಡಿವಿಜನ್, ಪೂರ್ವಕ್ಕೆ 7ನೆಯ ಭಾರತೀಯ ಡಿವಿಜನ್ ನಿಂತಿದ್ದವು. ನಡುವೆ ಒಂದು ಕಣಿವೆದಾರಿ, ಹೆಸರು ಙಾಕ್ಯೆಡೌಕ್. ನಮ್ಮ ವರ್ಣಮಾಲೆಯಲ್ಲಿ ಇದ್ದೂ ಇಲ್ಲದಂತಿರುವ ಙ ಅಕ್ಷರಕ್ಕೆ ಇಲ್ಲಿ ಕೆಲಸ ಸಿಕ್ಕಿದೆ. ಮಲಯಾಳಿ ಓದುಗರಿಗೆ ಇದು ಕಷ್ಟವಾಗದು. ಬ್ರಿಟಿಷ್ ಸೈನಿಕರ ನಾಲಗೆಗೆ ಹೊರಳದೆ ಅವರು ಅದನ್ನು 'ಓಕೆಡೋಕ್' ಎಂದು ಕರೆದರು. ಆ ಕಣಿವೆದಾರಿಯ ಪೂರ್ವದ ಬಾಯಲ್ಲಿ ಸಿನ್‌ಝ್ವೇಯ ಎಂಬ ಜಾಗ. ಸುತ್ತ ಕುರುಚಲು ಕಾಡಿನ ಗುಡ್ಡಗಳು, ನಡುವೆ ಒಂದು ಸಣ್ಣ ದಿಣ್ಣೆ, ಒಣಗಿದ ಗದ್ದೆ. ಉದ್ದಗಲ ಹೆಚ್ಚು ಕಡಿಮೆ ಒಂದೊಂದು ಕಿಲೋಮೀಟರು. 7ನೆಯ ಡಿವಿಜನ್ನಿನ ಮದ್ದುಗುಂಡು, ಪೆಟ್ರೋಲು, ಆಹಾರ, ಆಸ್ಪತ್ರೆ, ಹೇಸರಗತ್ತೆಗಳ ಲಾಯ ಎಲ್ಲ ಇದ್ದುದು ಅಲ್ಲಿ. ಅದನ್ನು ಆಡಳಿತದ ಜಾಗ ಎಂದು ಕರೆಯುತ್ತಿದ್ದರು; ಕೋಟೆಯಾಗಲೆಂದು ಯಾರೂ ಅದನ್ನು ಆರಿಸಿರಲಿಲ್ಲ. ಎತ್ತರದ ಗುಡ್ಡಗಳಿಂದ ನೋಡಿದರೆ ಒಳಗಿನದೆಲ್ಲ ಅಂಗೈಯಂತೆ ಕಾಣುವ ಜಾಗ ಅದು.

ಫೆಬ್ರವರಿ 4ರ ಹೊತ್ತಿಗೆ ಜಪಾನೀ ಪಡೆ ಕತ್ತಲಲ್ಲಿ ಸುತ್ತು ಬಳಸಿ ಹಿಂದಿನಿಂದ ಬಂತು. 6ರಂದು ಡಿವಿಜನ್ನಿನ ಮುಖ್ಯ ಠಾಣೆಯೇ ಅವರ ಕೈಗೆ ಸಿಕ್ಕಿತು. ದಳಪತಿ ಮೆಸ್ಸರ್ವಿ ಕಾಡಿನೊಳಗೆ ನಡೆದು ತಪ್ಪಿಸಿಕೊಂಡು ಸಿನ್‌ಝ್ವೇಯಕ್ಕೆ ಬಂದು ಸೇರಿದರು. ಕಣಿವೆದಾರಿ ಮುಚ್ಚಿಹೋಯಿತು. ಹಿಂದಿನ ವರ್ಷಗಳಲ್ಲಾದರೆ ಹೀಗೆ ಸುತ್ತುವರಿದ ಕೂಡಲೇ ಬ್ರಿಟಿಷ್ ಪಡೆ ಉಗ್ರಾಣ ಬಿಟ್ಟು ಹಿಂದೆ ಸರಿಯುತ್ತಿತ್ತು, ಜಪಾನೀಯರು ಆ ಉಗ್ರಾಣದಿಂದಲೇ ಉಂಡು ಮುಂದುವರಿಯುತ್ತಿದ್ದರು. ಈ ಸಲವೂ ಅವರು ಕೆಲವೇ ದಿನಗಳ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಆದರೆ ಹದಿನಾಲ್ಕನೆಯ ಸೈನ್ಯದ ದಂಡನಾಯಕ ಸ್ಲಿಮ್ ಮೊದಲೇ ಬೇರೆ ಲೆಕ್ಕ ಹಾಕಿದ್ದರು: ಸುತ್ತುವರಿದರೆ ಇದ್ದಲ್ಲೇ ಇರುವುದು, ಆಹಾರ ಮದ್ದುಗುಂಡು ಆಕಾಶದಿಂದ ಬರುವುದು. ಕಾಡಿನ ಯುದ್ಧದಲ್ಲಿ ಯೋಧರಲ್ಲದವರೆಂಬ ವರ್ಗವೇ ಇಲ್ಲ, ಆಸ್ಪತ್ರೆಯವರು ಸಹ ತಮ್ಮ ಸುತ್ತಿನ ಕಾವಲನ್ನು ತಾವೇ ಮಾಡಬೇಕು ಎಂಬುದು ಅವರ ಸೂಚನೆ. 1956ರಲ್ಲಿ ಪ್ರಕಟವಾದ ಅವರ 'ಡಿಫೀಟ್ ಇಂಟು ವಿಕ್ಟರಿ' ಎಂಬ ಗ್ರಂಥದಲ್ಲಿ ಇದೆಲ್ಲ ವಿವರವಾಗಿದೆ.

ಸಿನ್‌ಝ್ವೇಯದ ರಕ್ಷಣೆ ಬ್ರಿಗೇಡಿಯರ್ ಇವಾನ್ಸ್ ಅವರ ಪಾಲಿಗೆ ಬಂತು. ವೆಸ್ಟ್ ಯಾರ್ಕ್‌ಷೈರ್ ದಳದ ಒಂದು ಪದಾತಿ ತುಕಡಿ, ಕೆಲವು ಫಿರಂಗಿಗಳು, 25ನೆಯ ಡ್ರಗೂನ್ಸ್ ದಳದ ಟ್ಯಾಂಕುಗಳು ಅವರ ಕೈಯಲ್ಲಿದ್ದವು. ಸುತ್ತಳತೆಯ ಗೆರೆಯನ್ನು ತುಂಬುವುದಕ್ಕೆ ಇಷ್ಟು ಸಾಲದು. ಉಳಿದ ಸಂದುಗಳಲ್ಲಿ ಕೂತವರು ಗುಮಾಸ್ತರು, ಚಾಲಕರು, ಅಡುಗೆಯವರು, ಹೇಸರಗತ್ತೆ ನೋಡಿಕೊಳ್ಳುವವರು, ಮೆಕ್ಯಾನಿಕರು, ಉಗ್ರಾಣದವರು. ನಮ್ಮ ತೂಕದವರಿಗೆ ಒಂದು ರೈಫಲ್, ಕೆಲವು ಕೈಬಾಂಬು, ಮಣ್ಣು ತೋಡಲು ಒಂದು ಗುದ್ದಲಿ ಸಿಕ್ಕಿತು. ರೈಫಲಿನಿಂದ ಅದುವರೆಗೆ ಅವರು ಹಾರಿಸಿದ್ದು ತರಬೇತಿಯ ಗುಂಡು ಮಾತ್ರ.

ಜಪಾನೀಯರು ಹೆಚ್ಚಾಗಿ ಬರುತ್ತಿದ್ದುದು ರಾತ್ರಿ. ಹಗಲಲ್ಲಿ ಟ್ಯಾಂಕಿಗೂ ವಿಮಾನಕ್ಕೂ ಕಣ್ಣು ಕಾಣುತ್ತದೆ. ಹಾಗಾಗಿ ಸಿನ್‌ಝ್ವೇಯದಲ್ಲಿ ಯುದ್ಧದ ಮುಖ್ಯಭಾಗ ಎಂದರೆ ರಾತ್ರಿಯ ಕಾವಲು. ಅಲ್ಲಿ ಕಾವಲೇ ಯುದ್ಧ ಎಂದರೂ ತಪ್ಪಲ್ಲ.

ಆ ಕಾವಲು ಹೇಗೆ ನಡೆಯುತ್ತಿತ್ತು ಎಂಬುದನ್ನು ಅಜ್ಜ ನಮ್ಮೂರಿನ ಹಂದಿ ಕಾಯುವ ಲೆಕ್ಕದಲ್ಲಿ ಹೇಳುತ್ತಿದ್ದರು. ಭತ್ತ ಹಾಲುಗಟ್ಟುವ ಕಾಲಕ್ಕೆ ನಮ್ಮಲ್ಲಿ ಗದ್ದೆಯ ಅಂಚಿಗೆ ಮಾಳ ಕಟ್ಟಿ ರಾತ್ರಿ ಕೂರುತ್ತಿದ್ದರು. ಸೂಟೆ ಬೀಸುವುದು, ತಗಡು ಬಡಿಯುವುದು, ಈ ಮಾಳದವ ಕೂಕುಳು ಹಾಕಿದರೆ ಆ ಮಾಳದವ ಓಗೊಡುವುದು. ಬೆಳಕು ಮತ್ತು ಸದ್ದು, ಇವೆರಡೇ ಆಯುಧ. ಎಳೆಯ ಪ್ರಾಯದಲ್ಲಿ ಮಾಳದಲ್ಲಿ ಕೂತು ಕಲಿತ ಕೈಗೆ ಅರಕಾನಿನಲ್ಲಿ ಎಲ್ಲ ತಲೆಕೆಳಗಾಯಿತು. ಬೆಳಕು ಹಚ್ಚುವಂತಿಲ್ಲ, ಬೀಡಿ ಸೇದುವಂತಿಲ್ಲ, ಕೆಮ್ಮುವಂತಿಲ್ಲ. ಕತ್ತಲಾದ ಮೇಲೆ ಗುಂಡಿಯಿಂದ ಮೇಲೇಳುವಂತಿಲ್ಲ. ನೆಲದ ಮೇಲೆ ಅಲುಗಾಡಿದ್ದೆಲ್ಲ ಶತ್ರು ಎಂದೇ ಲೆಕ್ಕ. ಆಚೆಯ ಗುಂಡಿಯವ ಬದುಕಿದ್ದಾನೋ ಇಲ್ಲವೋ ಎಂದು ಕೇಳುವಂತೆಯೂ ಇಲ್ಲ.

ಗುಂಡಿಗೆ ಇಬ್ಬರು. ಎರಡೆರಡು ಗಂಟೆಯ ಪಾಳಿ. ಅಜ್ಜನ ಜೊತೆಗಿದ್ದವರು ವಳ್ಳುವನಾಡಿನ ಕಡೆಯ ಒಬ್ಬ ಮಲಯಾಳಿ, ಅಡುಗೆ ವಿಭಾಗದವರು. ಪಾಳಿ ಮುಗಿದಾಗ ಎಬ್ಬಿಸಲು ಮಾತಾಡಬಾರದು, ಮುಟ್ಟಿದರೆ ನಿದ್ದೆಗಣ್ಣಲ್ಲಿ ಬೆಚ್ಚಿ ಕೂಗಿಬಿಡಬಹುದು. ಅದಕ್ಕಾಗಿ ಒಂದು ಹಗ್ಗವನ್ನು ಇಬ್ಬರೂ ಮಣಿಕಟ್ಟಿಗೆ ಕಟ್ಟಿಕೊಂಡಿದ್ದರು. ಒಮ್ಮೆ ಎಳೆದರೆ 'ಏಳು', ಎರಡು ಸಲ ಎಳೆದರೆ 'ಏನೋ ಉಂಟು'. ದೇವಸ್ಥಾನದ ಜಗಲಿಯಲ್ಲಿ ಬೈರಾಸದ ತುದಿ ಮಣಿಕಟ್ಟಿಗೆ ಹೋಗುತ್ತಿದ್ದುದು ಯಾಕೆಂದು ಈ ಮಾತು ಕೇಳಿದ ದಿನ ನನಗೆ ಗೊತ್ತಾಯಿತು.

ರಾತ್ರಿ ಬರುತ್ತಿದ್ದ ಸಣ್ಣ ಗುಂಪುಗಳು ಒಮ್ಮೆಲೇ ಮೇಲೆ ಬೀಳುತ್ತಿರಲಿಲ್ಲ. ಮೊದಲು ಪಟಾಕಿ ಸಿಡಿಸುವುದು, ಬೊಬ್ಬೆ ಹೊಡೆಯುವುದು, ಕಲ್ಲು ಉರುಳಿಸುವುದು. ಹೆದರಿ ಯಾರಾದರೂ ಗುಂಡು ಹಾರಿಸಿದರೆ ಅದರ ಬೆಳಕಿನಿಂದ ಯಾವ ಗುಂಡಿ ಎಲ್ಲಿದೆ, ಮೆಷಿನ್‌ಗನ್ ಎಲ್ಲಿದೆ ಎಂದು ತಿಳಿದುಕೊಳ್ಳುವುದು. ನಿಜವಾದ ದಾಳಿ ಆಮೇಲೆ. ಆದ್ದರಿಂದ ಒಳ್ಳೆಯ ಕಾವಲುಗಾರ ಎಂದರೆ ಗುಂಡು ಹಾರಿಸದೆ ಕೂತವನು. ತೀರ ಹತ್ತಿರ ಬಂದರೆ ಕೈಬಾಂಬು. ಅದು ಎಲ್ಲಿಂದ ಬಂತು ಎಂದು ಕತ್ತಲಲ್ಲಿ ತಿಳಿಯುವುದಿಲ್ಲ. ಆ ಹದಿನೆಂಟು ರಾತ್ರಿಗಳಲ್ಲಿ ಅಜ್ಜ ಹಾರಿಸಿದ ಗುಂಡು ಐದೋ ಆರೋ. ಊರಿನವರ ದೃಷ್ಟಿಯಲ್ಲಿ ಅವರ ಕಥೆ ಸಪ್ಪೆಯಾದದ್ದು ಇದರಿಂದಲೇ. ಯುದ್ಧಕ್ಕೆ ಹೋಗಿ ಆರು ಗುಂಡು ಹಾರಿಸಿ ಬಂದವ! ಹಾರಿಸದ ಗುಂಡುಗಳಿಂದಲೇ ಆ ಗುಂಡಿ ಉಳಿಯಿತು ಎಂದು ಹೇಳುವವರು ಆಗ ಇರಲಿಲ್ಲ.

ಕತ್ತಲೊಳಗಿಂದ ಕರೆಗಳೂ ಬರುತ್ತಿದ್ದವು. ಕೆಲವೊಮ್ಮೆ ಇಂಗ್ಲಿಷಿನಲ್ಲಿ, ಹೆಚ್ಚಾಗಿ ಹಿಂದೂಸ್ತಾನಿಯಲ್ಲಿ. ಗುಂಡು ಹಾರಿಸಬೇಡ, ನಾನು ನಿನ್ನವನೇ, ಹೊರಗೆ ಬಾ ಎಂಬ ಧಾಟಿಯವು. ಜಪಾನೀಯರೊಂದಿಗೆ ಆಜಾದ್ ಹಿಂದ್ ಫೌಜಿನ ಒಂದು ಸಣ್ಣ ತಂಡವೂ ಮೇಜರ್ ಎಲ್. ಎಸ್. ಮಿಶ್ರಾ ಅವರ ನಾಯಕತ್ವದಲ್ಲಿ ಆ ಫೆಬ್ರವರಿಯಲ್ಲಿ ಅರಕಾನಿನಲ್ಲಿತ್ತು. ಹಾಗಾಗಿ ಕತ್ತಲೊಳಗಿನ ಧ್ವನಿ ಹಿಂದೂಸ್ತಾನಿ ಕಲಿತ ಜಪಾನೀಯನದ್ದೂ ಆಗಿರಬಹುದು, ಸ್ವಾತಂತ್ರ್ಯಕ್ಕಾಗಿ ಹೊರಟ ಭಾರತೀಯನದ್ದೂ ಆಗಿರಬಹುದು. ಅಜ್ಜನಿಗೆ ಫೌಜಿನ ವಿಷಯ ಸರಿಯಾಗಿ ತಿಳಿದದ್ದು ಯುದ್ಧ ಮುಗಿದ ಮೇಲೆ, ಕೆಂಪುಕೋಟೆಯ ವಿಚಾರಣೆಯ ಸುದ್ದಿ ಊರಿಗೆ ಬಂದಾಗ. "ನನ್ನನ್ನು ಕರೆದವರು ಅವರೇ ಇದ್ದರೂ ಇರಬಹುದು" ಎಂದು ಆಮೇಲೆ ಹೇಳುತ್ತಿದ್ದರು. ಅದರಲ್ಲಿ ಹೆಮ್ಮೆಯೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಒಂದು ಲೆಕ್ಕ ಸರಿಹೊಂದದೆ ಉಳಿದಾಗ ತೂಕದವನ ಮುಖ ಹೇಗಾಗುತ್ತದೋ ಹಾಗೆ.

ಆ ಕರೆಗಳಿಗೆ ತಾನು ಮರುಳಾಗದಿರಲು ಅಜ್ಜ ಕೊಡುತ್ತಿದ್ದ ಕಾರಣ ಬೇರೆಯೇ. "ನನಗೆ ಹಿಂದೂಸ್ತಾನಿ ಬರುತ್ತಿದ್ದುದು ಪಡಿತರ ತೂಗುವಷ್ಟು. ಆಟಾ, ದಾಲ್, ಚೀನಿ, ಖತಂ. ಅದರಲ್ಲಿ ಕರೆದರೆ ಅದು ನನ್ನನ್ನು ಕರೆದ ಹಾಗೆ ಆಗುವುದೇ ಇಲ್ಲ. ತುಳುವಿನಲ್ಲೋ ಕನ್ನಡದಲ್ಲೋ ಮಲಯಾಳದಲ್ಲೋ ಕರೆಯುತ್ತಿದ್ದರೆ ಏಳುತ್ತಿದ್ದೆನೋ ಏನೋ."

ಈ ಮಾತಿನ ನಂತರ ಅಜ್ಜ ಕಥೆ ನಿಲ್ಲಿಸುತ್ತಿದ್ದರು. ಎಷ್ಟೋ ಶಿವರಾತ್ರಿಗಳಲ್ಲಿ ಅದು ಅಲ್ಲಿಗೇ ನಿಂತಿತ್ತು. ಮುಂದಿನದನ್ನು ಅವರು ಹೇಳಿದ್ದು ಒಂದೇ ಸಲ, ನಾನು ಕಾಲೇಜಿಗೆ ಹೋಗುತ್ತಿದ್ದಾಗ.

ಫೆಬ್ರವರಿ 7ರ ರಾತ್ರಿ. ಹುಣ್ಣಿಮೆಗೆ ಎರಡು ದಿನ ಇತ್ತು ಎಂದು ಅಜ್ಜ ಹೇಳಿದ್ದರು; ಪಂಚಾಂಗ ತೆಗೆದು ನೋಡಿದರೆ ಆ ಮಾಘ ಹುಣ್ಣಿಮೆ ಫೆಬ್ರವರಿ 9ಕ್ಕೇ ಬೀಳುತ್ತದೆ. ಸಿನ್‌ಝ್ವೇಯದ ಆಸ್ಪತ್ರೆ ಒಂದು ಬದಿಯಲ್ಲಿ, ಗುಡ್ಡದ ತಪ್ಪಲಲ್ಲಿತ್ತು. ಅದರ ಕಾವಲಿಗೆ ಇದ್ದವರು ಕೆಲವೇ ಮಂದಿ. ರಾತ್ರಿ ಜಪಾನೀಯರು ಅದರೊಳಗೆ ನುಗ್ಗಿದರು. ವೈದ್ಯರು, ಸಹಾಯಕರು, ಹಾಸಿಗೆಯಲ್ಲಿದ್ದ ಗಾಯಾಳುಗಳು ಸೇರಿ ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಸತ್ತವರ ರಕ್ತವನ್ನು ಮೈಗೆ ಬಳಿದುಕೊಂಡು ಹೆಣದಂತೆ ಬಿದ್ದುಕೊಂಡು ಬದುಕಿದ ಬಸು ಎಂಬ ಭಾರತೀಯ ವೈದ್ಯರ ಸಾಕ್ಷ್ಯದಿಂದ ಅದು ಹೊರಗೆ ಗೊತ್ತಾಯಿತು. ಸುಮಾರು ಒಂದೂವರೆ ದಿನದ ನಂತರವೇ ಆ ಜಾಗ ಮರಳಿ ಕೈಗೆ ಬಂದದ್ದು. ಅಲ್ಲಿಂದ ಬರುತ್ತಿದ್ದ ಆರ್ತನಾದ ಸುತ್ತಿನ ಗುಂಡಿಗಳಿಗೆ ಕೇಳುತ್ತಿತ್ತು. ಕತ್ತಲಲ್ಲಿ ಆ ಕಡೆಗೆ ಗುಂಡು ಹಾರಿಸಿದರೆ ಗಾಯಾಳುಗಳಿಗೇ ತಗಲುತ್ತದೆ. ಗುಂಡಿಯವರಿಗೆ ಇದ್ದ ಆಜ್ಞೆ ಒಂದೇ, ಇದ್ದಲ್ಲೇ ಇರುವುದು. ಎದ್ದು ಹೋದವನಿಂದ ಉಂಟಾಗುವ ಸಂದಿನಲ್ಲಿ ಇನ್ನಷ್ಟು ಮಂದಿ ಒಳಗೆ ಬರಬಹುದು. ಇದೆಲ್ಲ ಸರಿಯಾದ ಲೆಕ್ಕ. ಅಜ್ಜನಿಗೂ ಅದು ಗೊತ್ತಿತ್ತು.

"ಕೂಗುವವರಲ್ಲಿ ಒಬ್ಬ 'ಅಮ್ಮಾ' ಎಂದು ಕೂಗುತ್ತಿದ್ದ" ಎಂದರು ಅಜ್ಜ. "ಹಿಂದೂಸ್ತಾನಿಯವ ಆದರೆ 'ಮಾ' ಎನ್ನುತ್ತಾನೆ. ಇದು ನಮ್ಮ ಕಡೆಯ ಕೂಗು. ಇನ್ನೇನಾದರೂ ಒಂದು ಮಾತು ಹೇಳುತ್ತಾನೋ ಎಂದು ಕಿವಿ ಕೊಟ್ಟೆ. ಇಲ್ಲ. ಬರೇ ಅಮ್ಮಾ."

ಕನ್ನಡದಲ್ಲೂ ಅಮ್ಮ, ಮಲಯಾಳದಲ್ಲೂ ಅಮ್ಮ, ತಮಿಳು ತೆಲುಗಿನಲ್ಲೂ ಅಮ್ಮ. ಆ ಕೂಗಿನಿಂದ ಊರು ತಿಳಿಯುವುದಿಲ್ಲ. ಅಜ್ಜನ ಮಣಿಕಟ್ಟಿನ ಹಗ್ಗ ಎರಡು ಸಲ ಎಳೆಯಿತು. ಜೊತೆಯವನೂ ಎಚ್ಚರದಲ್ಲೇ ಇದ್ದ, ಅವನೂ ಕೇಳಿದ್ದ. ಅಜ್ಜನೂ ಎರಡು ಸಲ ಎಳೆದರು. ಇಬ್ಬರೂ ಏಳಲಿಲ್ಲ. ಬೆಳಗಾದ ಮೇಲೆ ಆ ಮಲಯಾಳಿ ಕೇಳಿದನಂತೆ: "ಅವ ನಿಮ್ಮ ಕಡೆಯವನೋ ನಮ್ಮ ಕಡೆಯವನೋ?" ಇಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದು ಸಾಧ್ಯವೂ ಇರಲಿಲ್ಲ.

"ನೀವು ಹೋಗಿದ್ದರೆ ಏನಾಗುತ್ತಿತ್ತು ಅಜ್ಜ?" ಎಂದೆ.

"ಸಾಯುತ್ತಿದ್ದೆ. ನಮ್ಮವರೇ ಹೊಡೆಯುತ್ತಿದ್ದರು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕೂತದ್ದು ಸರಿ. ಆದರೆ ಕೂತದ್ದು ಹೋಗುವುದಿಲ್ಲ" ಎಂದರು. ಇದರ ಅರ್ಥವನ್ನು ನಾನು ಬಿಡಿಸಿ ಬರೆಯಲಾರೆ.

ಅದರ ಬಳಿಕದ ದಿನಗಳ ನೆನಪನ್ನು ಅಜ್ಜ ಸಲೀಸಾಗಿ ಹೇಳುತ್ತಿದ್ದರು. ಕಣಿವೆದಾರಿ ಮುಚ್ಚಿದ್ದರೂ ಡಕೋಟಾ ವಿಮಾನಗಳು ಬಂದು ಪ್ಯಾರಾಚೂಟಿನಲ್ಲಿ ಸರಕು ಇಳಿಸತೊಡಗಿದವು. ಆ ಕಾರ್ಯಾಚರಣೆಯಲ್ಲಿ ಐದು ವಾರಗಳಲ್ಲಿ 700ಕ್ಕೂ ಹೆಚ್ಚು ಹಾರಾಟಗಳಿಂದ ಸುಮಾರು 2,300 ಟನ್ ಸರಕು ಅರಕಾನಿನ ಪಡೆಗಳಿಗೆ ಬಂತು. ಮದ್ದುಗುಂಡು, ಔಷಧ, ಆಹಾರವಲ್ಲದೆ ಕಾಗದ ಪತ್ರ, ಕ್ಷೌರದ ಸಾಮಾನು, ಸೈನಿಕರ ಪತ್ರಿಕೆ ಕೂಡ. ಬಿದ್ದ ಮೂಟೆಗಳನ್ನು ಹುಡುಕಿ ತಂದು ತೂಗುವುದು ಅಜ್ಜನ ಹಗಲಿನ ಕೆಲಸ. ರಾತ್ರಿ ಕಾವಲಿನಲ್ಲಿ ಕೂತವ ಹಗಲು ತಕ್ಕಡಿ ಹಿಡಿದರೆ ಮುಳ್ಳು ಎರಡಾಗಿ ಕಾಣುತ್ತಿತ್ತಂತೆ. ಶತ್ರುವಿನ ಗುಂಡಿನಿಂದ ಮದ್ದುಗುಂಡಿನ ರಾಶಿಗೆ ಬೆಂಕಿ ಬಿದ್ದದ್ದೂ ಉಂಟು. ಹೇಸರಗತ್ತೆಗಳಿಗೆ ಮಾತ್ರ ಗುಂಡಿಯಿಲ್ಲ, ಅವು ನಿಂತಲ್ಲೇ ಸಾಯುತ್ತಿದ್ದವು. ಅವುಗಳ ದುರ್ನಾತದ ಬಗ್ಗೆ ಅಜ್ಜ ಊಟದ ಹೊತ್ತಿಗೆ ಹೇಳುತ್ತಿರಲಿಲ್ಲ.

ಫೆಬ್ರವರಿ 23ರ ಹೊತ್ತಿಗೆ ಪಶ್ಚಿಮದಿಂದ ಬಂದ ಪಡೆ ಕಣಿವೆದಾರಿಯನ್ನು ಬಿಡಿಸಿತು. ಬುತ್ತಿ ಮುಗಿದಿದ್ದ ಜಪಾನೀಯರು ಹಿಂದೆ ಸರಿದರು. ಬ್ರಿಟಿಷ್ ಭಾರತೀಯ ಸೈನ್ಯ ಸುತ್ತುವರಿದ ಮೇಲೂ ಜಾಗ ಬಿಡದೆ ನಿಂತು ಜಪಾನೀಯರ ದೊಡ್ಡ ದಾಳಿಯೊಂದನ್ನು ಮುರಿದದ್ದು ಬರ್ಮಾದ ರಣರಂಗದಲ್ಲಿ ಅದೇ ಮೊದಲು ಎಂದು ಚರಿತ್ರೆಕಾರರು ಹೇಳುತ್ತಾರೆ. ಅಜ್ಜ ಅದನ್ನು 'ಒಂದು ತಿಂಗಳು' ಎನ್ನುತ್ತಿದ್ದರು. ದಾಖಲೆಯ ಪ್ರಕಾರ ಹದಿನೆಂಟು ದಿನ. ನಾನು ತಿದ್ದಲು ಹೋಗುವುದಿಲ್ಲ. ಎರಡೆರಡು ಗಂಟೆಯ ಪಾಳಿಯಲ್ಲಿ ಎಣಿಸಿದವನಿಗೆ ಅದು ತಿಂಗಳೇ ಆಗಿರಬೇಕು.

ಇನ್ನೊಂದು ದಿನಾಂಕ ಮಾತ್ರ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಆ ವರ್ಷದ ಮಹಾಶಿವರಾತ್ರಿ 1944ರ ಫೆಬ್ರವರಿ 22. ಕಸ್ತೂರಬಾ ಗಾಂಧಿ ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡ ದಿನವಾದ್ದರಿಂದ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಅಂದರೆ ಸಿನ್‌ಝ್ವೇಯದ ದಿಗ್ಬಂಧನದ ಕೊನೆಯ ರಾತ್ರಿ ಶಿವರಾತ್ರಿ. ಹುಣ್ಣಿಮೆಯ ಹೊತ್ತಿಗೆ ಶುರುವಾದ ಕಾವಲು ಅಮಾವಾಸ್ಯೆಯ ಅಂಚಿನ ಆ ಕತ್ತಲಲ್ಲಿ ಮುಗಿಯಿತು. ಅಜ್ಜನಿಗೆ ಇದು ಗೊತ್ತಿತ್ತೇ? ಅವರು ಹೇಳಿದ ನೆನಪಿಲ್ಲ. ಆದರೆ ಪ್ರತಿ ಶಿವರಾತ್ರಿಗೆ ತಪ್ಪದೆ ಬಂದು ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದುದು ಬರೇ ಭಕ್ತಿಯಿಂದ ಎಂದು ನನಗೆ ಈಗ ಅನಿಸುವುದಿಲ್ಲ.

ಎರಡು ತಿಂಗಳೊಳಗೆ, 1944ರ ಏಪ್ರಿಲಿನಲ್ಲಿ ಕೊಹಿಮಾದ ಮುತ್ತಿಗೆಯಾಯಿತು. ಅಲ್ಲಿಯೂ ಒಳಗೆ ಸಿಕ್ಕಿಕೊಂಡ ಸುಮಾರು 2,500 ಜನರಲ್ಲಿ ಸಾವಿರದಷ್ಟು ಮಂದಿ ಯೋಧರಲ್ಲದವರು. ಆ ಯುದ್ಧದ ಗುಡ್ಡಗಳ ಹೆಸರು ನೋಡಿ: ಎಫ್.ಎಸ್.ಡಿ. ಗುಡ್ಡ, ಎಂದರೆ ಫೀಲ್ಡ್ ಸಪ್ಲೈ ಡಿಪೋ, ಪಡಿತರದ ಉಗ್ರಾಣ, ಜಿ.ಪಿ.ಟಿ. ದಿಣ್ಣೆ, ಎಂದರೆ ಸಾಮಾನು ಸಾಗಿಸುವ ಲಾರಿಗಳ ತಂಗುದಾಣ. ಜಗತ್ತಿನ ದೊಡ್ಡ ಕದನಗಳಲ್ಲೊಂದು ನಡೆದದ್ದು ತೂಕದವರ, ಚಾಲಕರ ಅಂಗಳದಲ್ಲಿ. ಗುಡ್ಡಕ್ಕೆ ಹೆಸರು ಉಳಿಯಿತು, ಮನುಷ್ಯರಿಗೆ ಉಳಿಯಲಿಲ್ಲ.

ಮುನ್ನುಗ್ಗಿದವರ ಚರಿತ್ರೆ ಬರೆಯುವುದು ಸುಲಭ. ಅದೇ ಅರಕಾನಿನಲ್ಲಿ ಮುಂದೆ ಪದಾತಿ ತುಕಡಿಯನ್ನು ನಡೆಸಿದ ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರ ಬಗ್ಗೆ ಗ್ರಂಥಗಳಿವೆ, ಇರಬೇಕಾದದ್ದೇ. ಸತ್ತವರಿಗೂ ಒಂದು ನೆಲೆಯಿದೆ: ಮ್ಯಾನ್ಮಾರಿನ ತೌಕ್ಯಾನ್ ಸಮಾಧಿಭೂಮಿಯ ರಂಗೂನ್ ಸ್ಮಾರಕದಲ್ಲಿ, ಗೋರಿಯಿಲ್ಲದೆ ಹೋದ ಸುಮಾರು 27,000 ಸೈನಿಕರ ಹೆಸರು ಕಲ್ಲಿನಲ್ಲಿದೆ, ಕೊಹಿಮಾದಲ್ಲಿ ದಹನಗೊಂಡ 917 ಹಿಂದೂ, ಸಿಖ್ ಸೈನಿಕರ ಸ್ಮಾರಕವಿದೆ. ಎದ್ದುಹೋಗದೆ ಕೂತು, ಜೀವ ಸಹಿತ ಮರಳಿ, ಮತ್ತೆ ಗದ್ದೆಗೆ ಇಳಿದವರಿಗೆ ಯಾವ ಕಲ್ಲೂ ಇಲ್ಲ.

ಅಜ್ಜ 1946ರಲ್ಲಿ ಊರಿಗೆ ಬಂದರು. ಯುದ್ಧಕಾಲಕ್ಕೆ ಮಾತ್ರ ಸೇರಿದವರಾದ್ದರಿಂದ ಪಿಂಚಣಿ ಇರಲಿಲ್ಲ. ಒಂದು ತಗಡಿನ ಪೆಟ್ಟಿಗೆ, ಒಂದು ಕಂಬಳಿ, ಒಂದು ಬಿಡುಗಡೆ ಪತ್ರ ತಂದಿದ್ದರು. ಪತ್ರದಲ್ಲಿ ಜಿಲ್ಲೆ ದಕ್ಷಿಣ ಕನ್ನಡ, ಪ್ರಾಂತ ಮದ್ರಾಸ್ ಎಂದಿತ್ತು. 1956ರ ನವೆಂಬರ್ 1ರ ನಂತರ ಅವರ ಮನೆ ಕೇರಳದಲ್ಲಿತ್ತು. "ನಾನು ಬರ್ಮಾಕ್ಕೆ ಹೋಗಿ ಅದೇ ಮನೆಗೆ ಬಂದೆ; ಮನೆ ಮಾತ್ರ ಎದ್ದು ಬೇರೆ ರಾಜ್ಯಕ್ಕೆ ಹೋಯಿತು" ಎಂದು ಅವರು ಹೇಳುವಾಗ ಕೇಳಿದವರು ನಗುತ್ತಿದ್ದರು. ವಳ್ಳುವನಾಡಿನ ಆ ಗೆಳೆಯನಿಂದ ವರ್ಷಕ್ಕೊಂದು ಕಾಗದ ಮಲಯಾಳದಲ್ಲಿ ಬರುತ್ತಿತ್ತು. ಅಜ್ಜನಿಗೆ ಮಲಯಾಳ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಪೇಟೆಯ ಅಂಗಡಿಯವರಿಂದ ಓದಿಸಿ, ಅವರಿಂದಲೇ ಉತ್ತರ ಬರೆಸುತ್ತಿದ್ದರು. ಒಂದು ವರ್ಷ ಕಾಗದ ಬರಲಿಲ್ಲ. ಅಜ್ಜ ವಿಚಾರಿಸಲಿಲ್ಲ. 1983ರಲ್ಲಿ ಅವರೂ ಹೋದರು.

ಕಾವಲು ಎಂಬ ಶಬ್ದ ಕನ್ನಡದಲ್ಲೂ ಮಲಯಾಳದಲ್ಲೂ ಒಂದೇ. ಈ ವಾರ್ಷಿಕದ ಎರಡು ಭಾಷೆಯ ಓದುಗರಲ್ಲೂ ನನ್ನದೊಂದು ಕೋರಿಕೆ ಇದೆ. ನಿಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇರಬಹುದು. ಅದರೊಳಗೆ ಅಡುಗೆಯವನದ್ದೋ, ಚಾಲಕನದ್ದೋ, ಗುಮಾಸ್ತನದ್ದೋ ಒಂದು ಬಿಡುಗಡೆ ಪತ್ರ ಇರಬಹುದು. 'ಅವರು ಯುದ್ಧ ಮಾಡಿದವರಲ್ಲ' ಎಂದು ಅದನ್ನು ಗೆದ್ದಲಿಗೆ ಬಿಡಬೇಡಿ. ತೆಗೆದು ದಳದ ಹೆಸರು, ವರ್ಷ, ಊರು ಓದಿ ಒಂದು ಪುಸ್ತಕದಲ್ಲಿ ಬರೆದಿಡಿ. ಅವರು ರಾತ್ರಿ ಹೇಗೆ ಮಲಗುತ್ತಿದ್ದರು, ಯಾವ ಸದ್ದಿಗೆ ಏಳುತ್ತಿದ್ದರು ಎಂದು ಮನೆಯ ಹಿರಿಯ ಹೆಂಗಸರಿಗೆ ನೆನಪಿರುತ್ತದೆ, ಕೇಳಿ.

ಪಟ್ಟಾಳದಜ್ಜನ ವಿಷಯ ನಾನು ಹಾಗೆ ಕೇಳಿದ್ದು ಅವರು ಹೋದ ಮೇಲೆ. ಅವರ ಹೆಂಡತಿ ಹೇಳಿದರು: ಮದುವೆಯಾದ ಮೊದಲಿನಿಂದಲೂ ಅವರು ಒಮ್ಮೆಗೆ ಎರಡು ಗಂಟೆಗಿಂತ ಹೆಚ್ಚು ಮಲಗಿದ್ದೇ ಇಲ್ಲವಂತೆ.